ಸೀಸದ ಕೂಲಿ

ಕೂಲಿಗಾರನು ತನ್ನ ದಿನದ ಶ್ರಮವನ್ನು ಮಾರುವನು. ಅದರೊಡನೆ ತನ್ನ ಎಲುಬನ್ನೂ ಮಾರಿದನೆಂದು ಭಾವಿಸಬಹುದೇ? ನಮ್ಮ ಸಾಯಗಾಂವದಂತಹ ಊರಿನಿಂದ ತರುಣನೊಬ್ಬನು ಹೊಟ್ಟೆಯ ಪಾಡಿಗಾಗಿ ಪಟ್ಟಣ ಸೇರಿ, ಹಳೆಯ ಬ್ಯಾಟರಿಗಳನ್ನೊಡೆದು ಸೀಸ ಕರಗಿಸುವ ಕೆಲಸಕ್ಕೆ ನಿಂತನೆನ್ನೋಣ. ಉಸಿರಿನೊಡನೆ ಹೊಗೆಯೂ, ತೊಳೆಯದ ಕೈಯ ತುತ್ತಿನೊಡನೆ ಧೂಳೂ ಒಳಸೇರುವುವು. ಸೀಸವು ರಕ್ತದಿಂದ ಎಲುಬಿಗಿಳಿದು ದಶಕಗಳ ಕಾಲ ಅಲ್ಲಿಯೇ ನೆಲೆಸುವುದು. ಹೊಟ್ಟೆನುಲಿತ, ರಕ್ತಹೀನತೆ, ಮುಂಗೈಯ ನಿಶ್ಶಕ್ತಿ ಕ್ರಮೇಣ ತಲೆದೋರುವುವು.

“ಒಪ್ಪಿಯೇ ಬಂದನಲ್ಲ” ಎಂಬುದು ಧಣಿಯ ವಾದ. ಹಸಿವು ಬರೆಯಿಸಿದ ಒಪ್ಪಿಗೆಯ ಬೆಲೆಯೆಷ್ಟೆಂಬ ಚರ್ಚೆ ಹಾಗಿರಲಿ. ಅವನ ಅಂಗಿಗಂಟಿದ ಧೂಳು ಮನೆಗೆ ಹೋಗುವುದು. ಅಂಬೆಗಾಲಿಡುವ ಕೂಸು ಅದನ್ನು ನುಂಗುವುದು. ಬೆಳೆಯುವ ಮಿದುಳು ಕುಂದುವುದು. ಆ ಕೂಸು ಯಾವ ಕರಾರಿಗೆ ಹೆಬ್ಬೆಟ್ಟೊತ್ತಿತ್ತು?

೧೯೪೮ರ ಕಾರ್ಖಾನೆ ಕಾಯಿದೆಯು ವೈದ್ಯರು ಸರಕಾರಕ್ಕೆ ತಿಳಿಸತಕ್ಕ ರೋಗಗಳ ಪಟ್ಟಿಯಲ್ಲಿ ಸೀಸದ ವಿಷಬಾಧೆಯನ್ನೇ ಮೊದಲು ನಿಲ್ಲಿಸಿತು. ಆದರೆ ಯಂತ್ರಶಕ್ತಿಯಿದ್ದಲ್ಲಿ ೧೦, ಇಲ್ಲದಲ್ಲಿ ೨೦ ಆಳುಗಳಿದ್ದರೆ ಸಾಮಾನ್ಯವಾಗಿ ಅದನ್ನು ಕಾರ್ಖಾನೆಯೆಂದಿತು. ೨೦೨೦ರ ಸಂಹಿತೆಯಲ್ಲಿ ಆ ಸಂಖ್ಯೆಗಳು ೨೦, ೪೦ ಆದುವು. ವಿಷವೇನು ತಲೆಯೆಣಿಸಿ ಏರುವುದೇ? ನಾಲ್ವರು ದುಡಿಯುವ ಹಿತ್ತಿಲಿನ ಕುಲುಮೆಯಲ್ಲಿ ಹೊಗೆ ಇನ್ನೂ ದಟ್ಟ.

ಹೊಗೆಯನ್ನೆಳೆಯುವ ಕೊಳವೆ, ಕೆಲಸದೆಡೆಯಲ್ಲಿಯೇ ಬಿಟ್ಟುಬರುವ ಬಟ್ಟೆ, ಸ್ನಾನಕ್ಕೆ ನೀರು, ಕಾಲಕಾಲಕ್ಕೆ ರಕ್ತಪರೀಕ್ಷೆ: ಇವುಗಳ ಖರ್ಚನ್ನು ಧಣಿಯು ಸೀಸದ ಬೆಲೆಯಲ್ಲಿಯೇ ಸೇರಿಸತಕ್ಕುದು. ಇಂದು ಅದನ್ನು ತೆರುತ್ತಿರುವುದು ಆ ಕೂಸು.