ಜಗದಾದಿಯೂ ಪ್ರಮಾಣಗಳ ಎಲ್ಲೆಯೂ

ಸೃಷ್ಟಿಪ್ರಕರಣದ ಪ್ರವಚನವು ಮುಗಿದು, ಮಂಗಳಾರತಿಯಾಗಿ, ಜನರು ತೀರ್ಥಪ್ರಸಾದಕ್ಕೆ ಸಾಲುಗೂಡುವ ಹೊತ್ತಿನಲ್ಲಿ ವಿದ್ಯಾವಂತ ತರುಣರು ಪಂಡಿತರನ್ನು ಕೇಳುವ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿದೆ: "ಆಚಾರ್ಯರೇ, ಮಹಾಸ್ಫೋಟದಿಂದ ಜಗತ್ತು ಹುಟ್ಟಿತೆಂದು ವಿಜ್ಞಾನಿಗಳು ಹೇಳುತ್ತಾರಲ್ಲ, ಅದೂ ತಾವು ಹೇಳಿದ ಸೃಷ್ಟಿಯೂ ಒಂದೆಯೋ, ಬೇರೆಯೋ?" ಈ ಪ್ರಶ್ನೆಗೆ ರೂಢಿಯಲ್ಲಿ ಎರಡು ಉತ್ತರಗಳಿವೆ. "ಅವರು ಈಗ ಕಂಡುದನ್ನು ನಮ್ಮ ಋಷಿಗಳು ಎಂದೋ ಹೇಳಿಟ್ಟಿದ್ದಾರೆ" ಎಂಬುದು ಮೊದಲನೆಯದು. "ಇಂದು ಒಂದು ಹೇಳುತ್ತಾರೆ, ನಾಳೆ ಮತ್ತೊಂದು ಹೇಳುತ್ತಾರೆ, ಅದನ್ನೇನು ನಂಬುವುದು" ಎಂಬುದು ಎರಡನೆಯದು. ಒಂದೇ ಬಾಯಿಂದ ಒಂದೇ ದಿನ ಎರಡೂ ಉತ್ತರಗಳು ಹೊರಡುವುದುಂಟು. ಎರಡರಲ್ಲಿಯೂ ಇರುವ ಕೊರತೆ ಒಂದೇ. ಆ ವಿಜ್ಞಾನಿಗಳು ನಿಜವಾಗಿ ಏನು ಹೇಳಿದ್ದಾರೆ, ಅದಕ್ಕೆ ಆಧಾರವೇನು ಎಂಬುದನ್ನು ಕೇಳುವ ವ್ಯವಧಾನವಿಲ್ಲದೆ ತೀರ್ಪು ಕೊಡಲಾಗಿದೆ. ಪೂರ್ವಪಕ್ಷವನ್ನು ಅದರ ಪ್ರತಿಪಾದಕರೂ ಒಪ್ಪುವಂತೆ ನಿರೂಪಿಸಿದ ಮೇಲಲ್ಲವೇ ಸಿದ್ಧಾಂತವನ್ನು ಹೇಳುವುದು ನಮ್ಮ ಗ್ರಂಥಗಳ ಪದ್ಧತಿ? ಆ ಮರ್ಯಾದೆಯು ಭೌತವಿಜ್ಞಾನಕ್ಕೂ ಸಲ್ಲಬೇಕು.

ಲೇಖಕನು ವಿಜ್ಞಾನದ ಪದವೀಧರನಲ್ಲ. ಪಾಠಶಾಲೆಯಲ್ಲಿ ತರ್ಕವನ್ನೂ ಕಾಲೇಜಿನಲ್ಲಿ ಬಿ.ಎ.ಯನ್ನೂ ಓದಿದವನು ಈ ವಿಷಯದಲ್ಲಿ ಸಾಮಾನ್ಯ ವಾಚಕನೇ ಸರಿ. ಆದರೂ ಸಾಮಾನ್ಯ ವಾಚಕನಿಗೆ ತಿಳಿಯುವಂತೆ ಹೇಳಬಹುದಾದುದು ಸಾಕಷ್ಟಿದೆ.

ದೂರದ ನಕ್ಷತ್ರಸಮೂಹಗಳು ನಮ್ಮಿಂದ ದೂರ ಸರಿಯುತ್ತಿವೆ. ಹೆಚ್ಚು ದೂರವಿದ್ದಷ್ಟೂ ಹೆಚ್ಚು ವೇಗವಾಗಿ ಸರಿಯುತ್ತಿವೆ. ಬೆಲ್ಜಿಯಂ ದೇಶದ ಕ್ಯಾಥೊಲಿಕ್ ಪಾದ್ರಿಯೂ ಗಣಿತಜ್ಞನೂ ಆದ ಜಾರ್ಜ್ ಲೆಮೇತ್ರ್ 1927ರಲ್ಲಿ ಇದನ್ನು ಆಕಾಶದ ವಿಸ್ತಾರವೆಂದು ವಿವರಿಸಿದನು. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಪ್ರಕಟಿಸಿದ ಅಳತೆಗಳಿಂದ ದೂರಕ್ಕೂ ವೇಗಕ್ಕೂ ಇರುವ ಸಂಬಂಧವು ಎಲ್ಲರ ಗಮನಕ್ಕೆ ಬಂದಿತು. ವಿಸ್ತರಿಸುತ್ತಿರುವುದನ್ನು ಕಾಲದಲ್ಲಿ ಹಿಂದಕ್ಕೆ ಎಣಿಸುತ್ತ ಹೋದರೆ, ಎಲ್ಲವೂ ಅತಿಸಾಂದ್ರವೂ ಅತ್ಯುಷ್ಣವೂ ಆಗಿದ್ದ ಒಂದು ಸ್ಥಿತಿಯನ್ನು ಸೇರುತ್ತೇವೆ. ಇಂದಿನ ಗಣನೆಯಂತೆ ಅಂದಿನಿಂದ ಇಂದಿಗೆ ಸುಮಾರು 1380 ಕೋಟಿ ವರ್ಷಗಳು ಕಳೆದಿವೆ. ಸ್ಫೋಟವೆಂಬ ಹೆಸರಿನಿಂದ ಒಂದು ಭ್ರಮೆಯುಂಟಾಗುತ್ತದೆ. ಖಾಲಿಯಾದ ಆಕಾಶದ ಒಂದು ಮೂಲೆಯಲ್ಲಿ ಮದ್ದು ಸಿಡಿದಂತೆ ಅದನ್ನು ಭಾವಿಸಬಾರದು. ಆಕಾಶವೇ ಎಲ್ಲೆಡೆಯೂ ಹಿಗ್ಗಿತೆಂಬುದು ಅವರ ಮಾತು. ಈ ಹೆಸರನ್ನಿಟ್ಟವನು ಆ ವಾದದ ವಿರೋಧಿಯಾಗಿದ್ದ ಇಂಗ್ಲೆಂಡಿನ ಫ್ರೆಡ್ ಹಾಯ್ಲ್. 1949ರಲ್ಲಿ ರೇಡಿಯೊ ಭಾಷಣವೊಂದರಲ್ಲಿ ಅವನು ಆಡಿದ ಮಾತೇ ಉಳಿದುಕೊಂಡಿತು.

ಇದು ಬರಿಯ ಊಹೆಯಲ್ಲವೆಂದು ತೋರಿಸಿದ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬಲ್ಲಿ ಅರ್ನೊ ಪೆಂಜಿಯಸ್, ರಾಬರ್ಟ್ ವಿಲ್ಸನ್ ಎಂಬಿಬ್ಬರು ಕೊಂಬಿನಾಕಾರದ ದೊಡ್ಡ ರೇಡಿಯೊ ಗ್ರಾಹಕವೊಂದರಿಂದ ಆಕಾಶವನ್ನು ಪರೀಕ್ಷಿಸುತ್ತಿದ್ದರು. ಅದರಲ್ಲಿ ಸಣ್ಣದೊಂದು ಗೊರಗೊರ ಸದ್ದು ಬಿಡದೆ ಬರುತ್ತಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಹಗಲಾಗಲಿ, ರಾತ್ರಿಯಾಗಲಿ, ಯಾವ ಋತುವಾಗಲಿ ಅಷ್ಟೇ. ಅವರು ಹೊಸದನ್ನು ಕಂಡೆವೆಂದು ಕುಣಿಯಲಿಲ್ಲ. ತಮ್ಮ ಉಪಕರಣದಲ್ಲಿಯೇ ದೋಷವಿರಬೇಕೆಂದು ಶಂಕಿಸಿದರು. ಬೆಸುಗೆಗಳನ್ನು ಪರೀಕ್ಷಿಸಿದರು. ಕೊಂಬಿನೊಳಗೆ ಪಾರಿವಾಳಗಳು ಗೂಡು ಕಟ್ಟಿದ್ದುವು. ಅವುಗಳನ್ನು ತೆಗೆದು, ಹಿಕ್ಕೆಯನ್ನು ತೊಳೆದರು. ಸದ್ದು ಹೋಗಲಿಲ್ಲ. ಸಮೀಪದ ಪ್ರಿನ್ಸ್‌ಟನ್ನಿನಲ್ಲಿ ರಾಬರ್ಟ್ ಡಿಕೀ ಮತ್ತು ಅವನ ಸಂಗಡಿಗರು, ಆದಿಯಲ್ಲಿ ಜಗತ್ತು ಉಷ್ಣವಾಗಿದ್ದುದಾದರೆ ಅದರ ಶೇಷವು ತಣ್ಣಗಾದ ವಿಕಿರಣವಾಗಿ ಇಂದೂ ಎಲ್ಲ ದಿಕ್ಕಿನಿಂದಲೂ ಬರಬೇಕೆಂದು ಲೆಕ್ಕ ಹಾಕಿ, ಅದನ್ನು ಹುಡುಕಲು ಸಿದ್ಧತೆ ನಡೆಸಿದ್ದರು. ಹುಡುಕುತ್ತಿದ್ದವರಿಗೆ ಸಿಗುವ ಮೊದಲೇ ಹುಡುಕದವರಿಗೆ ಅದು ಸಿಕ್ಕಿತ್ತು. 1965ರಲ್ಲಿ ವಿಷಯವು ಪ್ರಕಟವಾಯಿತು. 1978ರಲ್ಲಿ ಆ ಇಬ್ಬರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ವಿಕಿರಣದ ಉಷ್ಣತೆಯು ನಿರಪೇಕ್ಷ ಶೂನ್ಯಕ್ಕಿಂತ 2.7 ಡಿಗ್ರಿಯಷ್ಟು ಮಾತ್ರ ಮೇಲೆ. ಜಗತ್ತಿಗೆ ಸುಮಾರು 3.8 ಲಕ್ಷ ವರ್ಷಗಳಾಗಿದ್ದಾಗ ಹೊರಟ ಬೆಳಕು ಅದು.

ಪ್ರಮಾಣಪದ್ಧತಿಯನ್ನು ಓದಿದವರಿಗೆ ಈ ಕಥೆಯ ಸ್ವಾರಸ್ಯವು ತಾನಾಗಿಯೇ ಹೊಳೆಯುವುದು. ನಿರ್ದುಷ್ಟವಾದ ಇಂದ್ರಿಯಕ್ಕೆ ನಿರ್ದುಷ್ಟವಾದ ವಿಷಯದೊಡನೆ ಸನ್ನಿಕರ್ಷವಾದಾಗಲೇ ಪ್ರತ್ಯಕ್ಷವೆಂದು ನಾವು ಹೇಳುತ್ತೇವೆ. ಕಾಮಾಲೆಯ ಕಣ್ಣಿಗೆ ಶಂಖವು ಹಳದಿಯಾಗಿ ಕಂಡರೆ ಅದು ಪ್ರಮಾಣವಲ್ಲ. ಕರಣದೋಷವನ್ನು ಒಂದೊಂದಾಗಿ ನಿವಾರಿಸಿಕೊಂಡು, ಪಾರಿವಾಳದ ಹಿಕ್ಕೆಯನ್ನೂ ಬಿಡದೆ ತೊಳೆದು, ಆಮೇಲೆ ಮಾತ್ರ "ಇದು ಇದೆ" ಎಂದವರ ಮಾತನ್ನು "ಇಂದು ಒಂದು, ನಾಳೆ ಮತ್ತೊಂದು" ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರತ್ಯಕ್ಷವನ್ನು ಉಪಜೀವ್ಯಪ್ರಮಾಣವೆಂದು ಎತ್ತಿಹಿಡಿದ, ಜಗತ್ತು ಸತ್ಯವೆಂದು ಸಾಧಿಸಿದ ಪರಂಪರೆಯವರಿಗಂತೂ ಆ ಮಾತು ಎಳ್ಳಷ್ಟೂ ಒಪ್ಪುವುದಿಲ್ಲ.

ಇನ್ನು ಅನುಮಾನದ ಭಾಗ. ಆದಿಯ ಕೆಲವೇ ನಿಮಿಷಗಳಲ್ಲಿ, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳೆಂಬ ಕಣಗಳು ಕೂಡಿಕೊಂಡು ಹಗುರವಾದ ಮೂಲವಸ್ತುಗಳ ಗರ್ಭಗಳಾದುವು ಎನ್ನುತ್ತಾರೆ. ಲೆಕ್ಕದ ಪ್ರಕಾರ ತೂಕದಲ್ಲಿ ಸುಮಾರು ನೂರಕ್ಕೆ 75 ಪಾಲು ಜಲಜನಕ, 25 ಪಾಲು ಹೀಲಿಯಂ ಆಗಬೇಕು. ಆಕಾಶದಲ್ಲಿ ಅಳೆದಾಗ ಹೆಚ್ಚು ಕಡಿಮೆ ಅದೇ ಸಿಗುತ್ತದೆ. ವಿಚಿತ್ರವೆಂದರೆ, 1964ರಲ್ಲಿ ಈ ಲೆಕ್ಕವನ್ನು ಪುನಃ ಮಾಡಿ, ನಕ್ಷತ್ರಗಳಿಂದ ಮಾತ್ರವೇ ಇಷ್ಟೊಂದು ಹೀಲಿಯಂ ಆಗಿರಲಾರದೆಂದು ತೋರಿಸಿದವರಲ್ಲಿ ಮೇಲೆ ಹೇಳಿದ ಹಾಯ್ಲ್ ಒಬ್ಬನು. ಪ್ರತಿಪಕ್ಷಕ್ಕೆ ಬಲ ಕೊಡುವ ಲೆಕ್ಕವನ್ನು ತಾನೇ ಮಾಡಿ ತಾನೇ ಅಚ್ಚು ಹಾಕಿಸಿದನು.

ಅದಕ್ಕೂ ಹಿಂದಿನ ಕ್ಷಣಗಳ ಸ್ಥಿತಿಯನ್ನು ತಿಳಿಯಲು ಕಣಗಳನ್ನೇ ಪ್ರಚಂಡ ವೇಗದಿಂದ ಡಿಕ್ಕಿ ಹೊಡೆಸಿ ನೋಡುತ್ತಾರೆ. ಜಿನೀವಾ ನಗರದ ಹತ್ತಿರ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಹಿಗ್ಸ್ ಬೋಸಾನ್ ಎಂಬ ಕಣವು ಅಲ್ಲಿ ಸಿಕ್ಕಿತೆಂದು 2012ನೆಯ ಜುಲೈ 4ರಂದು ಸಾರಿದರು. ಬೋಸಾನ್ ಎಂಬ ಹೆಸರು ನಮ್ಮ ಸತ್ಯೇಂದ್ರನಾಥ ಬೋಸರಿಂದ ಬಂದುದು. ಪತ್ರಿಕೆಗಳು ಅದನ್ನು "ದೇವಕಣ" ಎಂದು ಕರೆದವು; 1993ರಲ್ಲಿ ಲಿಯಾನ್ ಲೆಡರ್‌ಮನ್ ಎಂಬ ವಿಜ್ಞಾನಿಯು ತನ್ನ ಪುಸ್ತಕಕ್ಕೆ ಕೊಟ್ಟ ಹೆಸರಿನ ಪ್ರಭಾವವದು. ಆ ಕಣಕ್ಕೂ ದೇವರಿಗೂ ಯಾವ ವಿಶೇಷ ಸಂಬಂಧವೂ ಇಲ್ಲ. ಕೆಲವು ಮೂಲಕಣಗಳಿಗೆ ದ್ರವ್ಯರಾಶಿಯು ಹೇಗೆ ಬಂದಿತೆಂಬ ಸಿದ್ಧಾಂತವು ಅದರಿಂದ ದೃಢವಾಯಿತು, ಅಷ್ಟೇ.

ಇಷ್ಟೆಲ್ಲ ಹೇಳಿದರೂ, ಆದಿಯ ಮೊದಲ ಕ್ಷಣವನ್ನು ಭೌತವಿಜ್ಞಾನವು ಮುಟ್ಟಿಲ್ಲ. ಒಂದು ಸೆಕೆಂಡನ್ನು ಒಂದರ ಮುಂದೆ 43 ಸೊನ್ನೆಗಳನ್ನಿಟ್ಟ ಸಂಖ್ಯೆಯಿಂದ ಭಾಗಿಸಿದರೆ ಬರುವ ಕಾಲಕ್ಕಿಂತ ಹಿಂದೆ ಅವರ ಸಮೀಕರಣಗಳು ಕೆಲಸ ಮಾಡುವುದಿಲ್ಲವೆಂದು ಅವರೇ ಹೇಳುತ್ತಾರೆ. "ಶೂನ್ಯದಿಂದ ಜಗತ್ತು ಬಂದಿತು" ಎಂಬುದು ಸಿದ್ಧವಾದ ವಿಷಯವಲ್ಲ. "ಅದಕ್ಕೆ ಮೊದಲು ಏನೂ ಇರಲಿಲ್ಲ" ಎಂಬುದೂ ಅಲ್ಲ.

ಈ ಎಲ್ಲೆಯನ್ನು ದಾಟುವ ಆತುರವು ನಮ್ಮವರಿಗೆ ಮಾತ್ರವೇ ಇದೆಯೆಂದು ತಿಳಿಯಬಾರದು. 1951ರ ನವೆಂಬರಿನಲ್ಲಿ ರೋಮಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ವಿಜ್ಞಾನಿಗಳ ಸಭೆಯೊಂದರಲ್ಲಿ ಮಾತನಾಡುತ್ತ, ಜಗತ್ತಿಗೆ ಆದಿಯುಂಟೆಂದು ವಿಜ್ಞಾನವೇ ಸಾಕ್ಷಿ ನುಡಿಯುತ್ತಿರುವುದರಿಂದ ಸೃಷ್ಟಿಕರ್ತನಿದ್ದಾನೆ ಎಂಬ ಅರ್ಥದಲ್ಲಿ ಉಪದೇಶಿಸಿದರು. ಇದರಿಂದ ಅಸಮಾಧಾನಗೊಂಡವನು ಲೆಮೇತ್ರ್, ಆ ವಾದದ ಜನಕನೂ ಅದೇ ಮತದ ಪಾದ್ರಿಯೂ ಆದವನು! ತನ್ನ ಸಿದ್ಧಾಂತವು ಮತಧರ್ಮದ ಪ್ರಶ್ನೆಗಳಿಂದ ಸಂಪೂರ್ಣವಾಗಿ ಹೊರಗಿನದೆಂಬುದು ಅವನ ನಿಲುವು. ಮರುವರ್ಷ ಖಗೋಳಜ್ಞರ ಸಮ್ಮೇಳನದಲ್ಲಿ ಪೋಪರು ಆ ಮಾತನ್ನು ಪುನಃ ಆಡಲಿಲ್ಲ. ಇತ್ತ ನಿರೀಶ್ವರವಾದಿಯಾದ ಹಾಯ್ಲನಿಗೆ ಜಗತ್ತಿಗೆ ಆದಿಯುಂಟೆಂಬ ಮಾತೇ ಮತಧರ್ಮದ ವಾಸನೆಯುಳ್ಳದ್ದೆಂದು ಕಂಡಿತು. ಆದಿಯಿಲ್ಲದ ಜಗತ್ತನ್ನು ಪ್ರತಿಪಾದಿಸುವ ವಾದವನ್ನು ಅವನು 1948ರಿಂದಲೂ ಎತ್ತಿಹಿಡಿದನು. ಒಬ್ಬರಿಗೆ ಆದಿಯು ಬೇಕಾಗಿತ್ತು, ಇನ್ನೊಬ್ಬನಿಗೆ ಬೇಡವಾಗಿತ್ತು. ಬೇಕು ಬೇಡಗಳಿಂದ ವಸ್ತುವು ಬದಲಾಗುವುದಿಲ್ಲವೆಂದು ಅರಿತು ನಡೆದವನು ಆ ಪಾದ್ರಿಯೇ. ಹೊಸ ವಿಕಿರಣವು ಸಿಕ್ಕಿದ ವರ್ತಮಾನವು 1966ರಲ್ಲಿ ಅವನು ಸಾಯುವುದಕ್ಕೆ ಸ್ವಲ್ಪ ಮುಂಚೆ ಅವನಿಗೆ ತಲಪಿತು.

ನಮ್ಮಲ್ಲಿ ಈ ಆತುರವು ಸಂಖ್ಯೆಗಳ ರೂಪದಲ್ಲಿ ಬರುತ್ತದೆ. ಬ್ರಹ್ಮದೇವರ ಒಂದು ಹಗಲು 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ವಿಜ್ಞಾನಿಗಳು ಹೇಳುತ್ತಾರೆ. ನೋಡಿರಿ, ಎಷ್ಟು ಸಮೀಪ! ಈ ಮಾತನ್ನು ಕೇಳದವರು ವಿರಳ. ಆದರೆ ನಿತ್ಯವೂ ಸಂಕಲ್ಪದಲ್ಲಿ ನಾವು ಹೇಳುವುದೇನು? ಶ್ವೇತವರಾಹಕಲ್ಪದಲ್ಲಿ ಏಳನೆಯದಾದ ವೈವಸ್ವತ ಮನ್ವಂತರ, ಅದರಲ್ಲಿ 28ನೆಯ ಕಲಿಯುಗ. ಲೆಕ್ಕ ಹಾಕಿದರೆ ಈ ಕಲ್ಪದಲ್ಲಿ ಕಳೆದುದು ಸುಮಾರು 197 ಕೋಟಿ ವರ್ಷ ಮಾತ್ರ. ಹೋಲಿಸುವುದಾದರೆ 454ನ್ನು 197ರೊಡನೆ ಹೋಲಿಸಬೇಕು. ಹೊಂದುವ ಸಂಖ್ಯೆಯನ್ನು ಸಭೆಗೆ ತಂದು, ಹೊಂದದ ಸಂಖ್ಯೆಯನ್ನು ಸಂಕಲ್ಪದಲ್ಲಿಯೇ ಬಿಟ್ಟುಬರುವುದು ಸಾಧುವೇ? ವ್ಯವಹಾರದಲ್ಲಿ ಹೀಗೆ ಮಾಡಿದವನನ್ನು ಕೂಟಸಾಕ್ಷಿಯೆನ್ನುತ್ತಾರೆ. ದೇವರ ಪರವಾಗಿ ಹೇಳಿದ ಮಾತ್ರಕ್ಕೆ ಕೂಟಸಾಕ್ಷ್ಯವು ಪುಣ್ಯವಾಗುವುದೆಂದು ಯಾವ ಸ್ಮೃತಿಯಲ್ಲಿಯೂ ಇಲ್ಲ. ಕಣಾದರ ಪರಮಾಣುವೂ ಇಂದಿನ ಅಣುವೂ ಒಂದೇ ಎನ್ನುವುದೂ ಇದೇ ಬಗೆಯದು. ಕಣಾದರದು ನಿರವಯವ, ನಿತ್ಯ. ಇವರದು ಒಡೆಯುತ್ತದೆ, ಅದರೊಳಗಿನ ಪ್ರೋಟಾನಿಗೂ ಕ್ವಾರ್ಕುಗಳೆಂಬ ಅವಯವಗಳಿವೆ. ಆ ನಿರವಯವ ಪರಮಾಣುವನ್ನು ನಮ್ಮ ಆಚಾರ್ಯರು ಖಂಡಿಸಿದ್ದಾರೆಂಬುದನ್ನೂ ಹೀಗೆ ಹೇಳುವವರು ಮರೆಯುತ್ತಾರೆ.

ಇದರಲ್ಲಿ ಅಪಾಯವಿರುವುದು ತರುಣನಿಗೆ. "ವಿಜ್ಞಾನವು ಹೇಳಿದ್ದರಿಂದ ಶಾಸ್ತ್ರವು ನಿಜ" ಎಂದು ಅವನಿಗೆ ಕಲಿಸಿದೆವಾದರೆ, ಯಾವುದು ಯಾವುದಕ್ಕೆ ಆಧಾರವೆಂದು ಕಲಿಸಿದಂತಾಯಿತು? ನಾಳೆ ಆ ಸಂಖ್ಯೆಯು ತಿದ್ದಲ್ಪಟ್ಟರೆ, ಅಥವಾ ಕಾಲೇಜಿನ ಅಧ್ಯಾಪಕರು ಆ ಹೋಲಿಕೆಯ ಹುಳುಕನ್ನು ತೋರಿಸಿದರೆ, ಅವನು ಹೋಲಿಕೆಯೊಂದನ್ನೇ ಕೈಬಿಡುವುದಿಲ್ಲ. ಜನಿವಾರದೊಡನೆ ಬಂದುದೆಲ್ಲವನ್ನೂ ಬಿಟ್ಟಾನು. ಅವನಿಗೆ ತೋರಿದ ಕಾರಣವನ್ನು ಕೊಟ್ಟವರು ಮನೆಯವರೇ.

ತತ್ತ್ವವಾದದಲ್ಲಿ ಈ ಸಂಕಟಕ್ಕೆ ಎಡೆಯೇ ಇಲ್ಲ. ಅನುಮಾನವೊಂದರಿಂದಲೇ ಜಗತ್ಕರ್ತನನ್ನು ಸಾಧಿಸಲಾಗದು, ಒಂದು ಅನುಮಾನಕ್ಕೆ ವಿರುದ್ಧವಾದ ಇನ್ನೊಂದನ್ನು ಯಾವನಾದರೂ ಹೂಡಬಲ್ಲನು, ಶ್ರೀಹರಿಯು ಸದಾಗಮಗಳಿಂದಲೇ ವೇದ್ಯನು ಎಂದು ಶಾಸ್ತ್ರಯೋನಿತ್ವಾಧಿಕರಣದಲ್ಲಿಯೇ ನಿರ್ಣಯವಾಗಿದೆ. ಪೋಪ್ ಪಯಸರ ಸಭೆಯ ವಾದವು ನಮ್ಮದಲ್ಲವೇ ಅಲ್ಲ. ಅದಲ್ಲದೆ ನಮಗೆ ಸೃಷ್ಟಿಯೆಂದರೆ ಏನೂ ಇಲ್ಲದಲ್ಲಿ ಎಲ್ಲವೂ ಉಂಟಾಗುವುದಲ್ಲ. ಜೀವರು, ಪ್ರಕೃತಿ, ಕಾಲ ಇವು ಅನಾದಿ. ಇಂತಹ ನಿತ್ಯಪದಾರ್ಥಗಳಿಗೆ ಸೃಷ್ಟಿಯೆಂದರೆ ಪರಾಧೀನವಿಶೇಷಾಪ್ತಿ. ಈ ಅಧೀನತೆಯು ಮೊದಲ ಕ್ಷಣಕ್ಕೆಷ್ಟೋ ಈ ಕ್ಷಣಕ್ಕೂ ಅಷ್ಟೇ ಸಲ್ಲುತ್ತದೆ. 1380 ಕೋಟಿ ವರ್ಷಗಳ ಹಿಂದಿನ ಉಷ್ಣಸ್ಥಿತಿಯು ಆದಿಯೇ ಆಗಿರಲಿ, ಅದಕ್ಕೂ ಹಿಂದೆ ಬೇರೆ ಸ್ಥಿತಿಗಳೇ ಇದ್ದಿರಲಿ, ಸಿದ್ಧಾಂತಿಯು ನಿದ್ದೆಗೆಡಬೇಕಾಗಿಲ್ಲ. ಹಾಗಾದರೆ ಮೇಲಿನ ತರುಣನಿಗೆ ಪಂಡಿತರು ಏನು ಹೇಳಬೇಕು? "ಅದು ಬೇರೆ ಪ್ರಶ್ನೆ, ಇದು ಬೇರೆ ಪ್ರಶ್ನೆ, ಅದನ್ನು ಬಲ್ಲವರ ಬಳಿ ಅದನ್ನು ಓದು, ಇದನ್ನು ಇಲ್ಲಿ ಕೂತು ಓದು" ಎಂದರೆ ಪಾಂಡಿತ್ಯಕ್ಕೆ ಕುಂದಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದುದನ್ನು ಇಲ್ಲಿ ಹೇಳದಿರಲಾಗದು. ನಂಜನಗೂಡಿನ ಬಳಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ತರುಣರಾಗಿದ್ದಾಗ, ಹೋಮಿ ಭಾಭಾ ಅವರ ಸೂಚನೆಯಂತೆ, ವಿಶ್ವಕಿರಣಗಳನ್ನು ಅಳೆಯಲು ಆ ಗಣಿಗಳಿಗೆ ಇಳಿದರು. 1965ರಲ್ಲಿ ಅಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳೆಂಬ ಕಣಗಳ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಸಿಕ್ಕಿತು. ಮುಂದೆ 1980ರ ಸುಮಾರಿಗೆ ಕೋಲಾರದಲ್ಲಿ ಮತ್ತೊಂದು ಪರೀಕ್ಷೆಯನ್ನು ಹೂಡಿದರು. ಪ್ರೋಟಾನ್ ನಿತ್ಯವೇ, ಅನಿತ್ಯವೇ? 1974ರಲ್ಲಿ ಹುಟ್ಟಿದ ಸಿದ್ಧಾಂತವೊಂದರಂತೆ ಅದು ಎಂದಾದರೊಂದು ದಿನ ನಶಿಸಬೇಕು. ಆದರೆ ಆ ದಿನವು ಒಂದರ ಮುಂದೆ 30ರಷ್ಟು ಸೊನ್ನೆಗಳಿರುವ ವರ್ಷಗಳ ಮೇಲೆ. ಅಷ್ಟು ಕಾಲ ಕಾಯುವವರಾರು? ಕಾಯಬೇಕಾಗಿಲ್ಲ: ಅಷ್ಟು ಪ್ರೋಟಾನುಗಳನ್ನು ಒಂದೆಡೆ ಕೂಡಿಹಾಕಿದರೆ ವರ್ಷಕ್ಕೆ ಒಂದೆರಡಾದರೂ ನಶಿಸುವುದು ಕಾಣಬೇಕು. ಅದಕ್ಕೆಂದು ಸುಮಾರು 140 ಟನ್ ತೂಕದ, ಬಹುಪಾಲು ಕಬ್ಬಿಣದ ಉಪಕರಣವನ್ನು ಆ ಸೆಕೆಯ ಕತ್ತಲಲ್ಲಿ ಕಟ್ಟಿ ನಿಲ್ಲಿಸಿದರು. ಕೆಲವು ಘಟನೆಗಳು ಹಾಗೆಯೇ ಕಂಡವು. ಕಂಡುದನ್ನು ಕಂಡಂತೆ ಪ್ರಕಟಿಸಿದರು. ಅಮೆರಿಕದ ಉಪ್ಪಿನ ಗಣಿಯಲ್ಲಿಯೂ ಜಪಾನಿನ ಕಾಮಿಯೋಕ ಗಣಿಯಲ್ಲಿಯೂ ಇನ್ನೂ ದೊಡ್ಡ ಉಪಕರಣಗಳಿಂದ ನೋಡಿದವರಿಗೆ ಅದು ಕಾಣಲಿಲ್ಲ. ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಶ್ರೀಕಂಠನ್ ಅವರು ಮುಂದೆ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದು, ನಿವೃತ್ತಿಯ ಅನಂತರ ಬೆಂಗಳೂರಿನಲ್ಲಿ ಚೈತನ್ಯದ ಸ್ವರೂಪವನ್ನು ಕುರಿತು ವಿಚಾರಮಾಡುತ್ತಿದ್ದು, 2019ರಲ್ಲಿ ತೀರಿಕೊಂಡರು. ಜಪಾನಿನಲ್ಲಿ 1996ರಿಂದ 50,000 ಟನ್ ನೀರನ್ನು ಕಾಯುತ್ತ ಕುಳಿತವರಿಗೂ ಪ್ರೋಟಾನ್ ನಶಿಸುವುದು ಕಂಡಿಲ್ಲ; ಅದರ ಆಯುಸ್ಸು ಒಂದರ ಮುಂದೆ 34 ಸೊನ್ನೆಗಳ ವರ್ಷಗಳಿಗಿಂತ ಹೆಚ್ಚೆಂದು ಮಾತ್ರ ಹೇಳಿದ್ದಾರೆ. ಆ ಸಿದ್ಧಾಂತದ ಮೊದಲ ರೂಪವು ಅಲ್ಲಿಗೆ ಬಿದ್ದುಹೋಯಿತು. ಎರಡು ಲಕ್ಷ ಟನ್ನಿಗೂ ಮಿಕ್ಕ ನೀರು ಹಿಡಿಸುವ ಇನ್ನೊಂದು ಕೊಳವನ್ನು ಅದೇ ಬೆಟ್ಟಗಳಡಿ ಕಟ್ಟುವ ಕೆಲಸವನ್ನು 2020ರಲ್ಲಿ ಕೈಗೊಂಡರು.