ಮಾಡಿದವ, ಮಾಡಿಸಿದವ, ಮೆಚ್ಚಿದವ

ಕೊಡಗಿನ ಬ್ರಹ್ಮಗಿರಿ ಬೆಟ್ಟದ ಆಚೆ ಮಗ್ಗುಲಿಗೆ, ಕೇರಳದ ವಯನಾಡಿನಲ್ಲಿ, ತಿರುನೆಲ್ಲಿ. ಅಲ್ಲೊಂದು ವಿಷ್ಣು ದೇವಾಲಯ, ಅದರಾಚೆ ಕಾಡಿನೊಳಗಿಂದ ಇಳಿದು ಬರುವ ಪಾಪನಾಶಿನಿ ತೊರೆ. ಹಿರಿಯರಿಗೆ ಪಿಂಡ ಬಿಡಲು ಕೊಡಗಿನ ಕಡೆಯಿಂದಲೂ ಜನ ಅಲ್ಲಿಗೆ ಹೋಗುತ್ತಾರೆ. 1970ರ ಫೆಬ್ರುವರಿ 18ರಂದು ಅದೇ ತಿರುನೆಲ್ಲಿಯ ಕಾಡಿನಲ್ಲಿ ಪೊಲೀಸರು ತಮ್ಮ ವಶದಲ್ಲಿದ್ದ ಒಬ್ಬ ಮನುಷ್ಯನನ್ನು ಗುಂಡಿಕ್ಕಿ ಕೊಂದರು. ಅವರ ಹೆಸರು ಎ. ವರ್ಗೀಸ್. ವಯನಾಡಿನ ಅಡಿಯ ಬುಡಕಟ್ಟಿನವರು ಆಗ ಜಮೀನ್ದಾರರ ಜೀತದಾಳುಗಳು. ವಳ್ಳಿಯೂರ್‌ಕಾವಿನ ಭಗವತಿಯ ಜಾತ್ರೆಯಲ್ಲೇ ಅವರ ವರ್ಷದ ಜೀತದ ವ್ಯವಹಾರ ಕುದುರುತ್ತಿತ್ತು. ಆ ಜೀತದಾಳುಗಳನ್ನು ಸಂಘಟಿಸಿ ನಿಲ್ಲಿಸಿದ ನಕ್ಸಲ್ ಮುಂದಾಳು ವರ್ಗೀಸ್. ಅವರ ಗುಂಪಿನ ಮೇಲೆ ಕೊಲೆಯ ಆರೋಪವಿತ್ತು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಇಲ್ಲಿನ ಪ್ರಶ್ನೆ ವರ್ಗೀಸ್ ಒಳ್ಳೆಯವರೋ ಕೆಟ್ಟವರೋ ಎಂಬುದಲ್ಲ.

ಪೊಲೀಸರ ಲೆಕ್ಕದಲ್ಲಿ ಅದು ಎನ್‌ಕೌಂಟರ್. ಇಪ್ಪತ್ತೆಂಟು ವರ್ಷ ಅದು ಎನ್‌ಕೌಂಟರ್ ಆಗಿಯೇ ಉಳಿಯಿತು. 1998ರಲ್ಲಿ, ಆ ದಿನ ಅಲ್ಲಿ ಪೇದೆಯಾಗಿದ್ದ ರಾಮಚಂದ್ರನ್ ನಾಯರ್ ಬಹಿರಂಗವಾಗಿ ಹೇಳಿದರು: ಕೊಂದದ್ದು ನಾನು. ಅವರ ಹೇಳಿಕೆಯ ಪ್ರಕಾರ ವರ್ಗೀಸ್ ಜೀವಂತ ಸಿಕ್ಕಿದ್ದರು, ನಿರಾಯುಧರಾಗಿದ್ದರು. ಸೆರೆಯಾಳಿಗೆ ಗುಂಡು ಹೊಡೆಯಲು ಯಾರು ತಯಾರು ಎಂದು ಡಿವೈಎಸ್‌ಪಿ ಕೇಳಿದಾಗ ಜೊತೆಯ ಪೇದೆಗಳು ಕೈ ಎತ್ತಿದರು, ನಾಯರ್ ಎತ್ತಲಿಲ್ಲ. ಎತ್ತಲಿಲ್ಲವೆಂದೇ ಆ ಕೆಲಸ ಅವರ ಕುತ್ತಿಗೆಗೆ ಬಂತು. ಮಾಡದಿದ್ದರೆ ನೀನೂ ಇಲ್ಲೇ ಹೆಣವಾಗುತ್ತೀಯ ಎಂಬ ಬೆದರಿಕೆಯೂ ಜೊತೆಗೆ. ಗುಂಡು ಹೊಡೆಯುವ ಮುಂಚೆ ತನಗೊಂದು ಸೂಚನೆ ಕೊಡಬೇಕೆಂದು ವರ್ಗೀಸ್ ಕೇಳಿಕೊಂಡಿದ್ದರಂತೆ. ನಾಯರ್ ನಾಲಗೆಯಲ್ಲಿ ಸಣ್ಣ ಸದ್ದು ಮಾಡಿದರು. ವರ್ಗೀಸ್ ಘೋಷಣೆ ಕೂಗಿದರು. ಆಮೇಲೆ ಗುಂಡು.

ಕೇರಳ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆ ಡಿವೈಎಸ್‌ಪಿ ಕೆ. ಲಕ್ಷ್ಮಣ, ಅಷ್ಟರಲ್ಲಿ ಅವರು ಐಜಿಯಾಗಿ ನಿವೃತ್ತರಾಗಿದ್ದರು. 2010ರ ಅಕ್ಟೋಬರ್‌ನಲ್ಲಿ ಸಿಬಿಐ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೊದಲ ಆರೋಪಿ ನಾಯರ್ ಅದಕ್ಕೂ ನಾಲ್ಕು ವರ್ಷ ಮೊದಲೇ, 2006ರಲ್ಲಿ ತೀರಿಕೊಂಡಿದ್ದರು. ಹಾಗಾಗಿ ಅವರ ಪಾಲಿನ ತಪ್ಪೆಷ್ಟು ಎಂದು ಯಾವ ನ್ಯಾಯಾಧೀಶರೂ ಅಳೆಯಲಿಲ್ಲ.

ಅಳೆಯುವುದು ಸುಲಭವೂ ಅಲ್ಲ. ಆಜ್ಞೆ ಮೇಲಿನದು, ಬೆರಳು ತನ್ನದು. ಒಲ್ಲೆ ಎಂದವನ ಕೈಯಿಂದಲೇ ಆದ ಕೊಲೆ ಅದು. ಪೊಲೀಸ್ ಇಲಾಖೆಯಲ್ಲಿ ನಡೆಯುವ ಅನ್ಯಾಯಗಳನ್ನು, ಅದು ಲಾಕಪ್ಪಿನ ಸಾವಿರಲಿ, ತಿಂಗಳ ಮಾಮೂಲಿರಲಿ, ಸುಳ್ಳು ಎಫ್‌ಐಆರ್ ಇರಲಿ, ಬಿಡಿಸುತ್ತಾ ಹೋದರೆ ಎಲ್ಲದರ ತಳದಲ್ಲಿ ಸಿಗುವುದು ಈ ಪ್ರಶ್ನೆಯೇ. ಕರ್ಮ ಯಾರದು?

ಇದಕ್ಕೆ ಠಾಣೆಗಳಲ್ಲಿ ಸಿದ್ಧವಾಗಿರುವ ಉತ್ತರವೊಂದಿದೆ. "ನಮ್ದೇನಿದೆ ಸಾರ್, ಸಾಹೇಬ್ರು ಹೇಳಿದ್ರು, ಮಾಡಿದ್ವಿ." ಕೊಂಚ ಓದಿಕೊಂಡವರು ಇದಕ್ಕೆ ಗೀತೆಯ ಆಸರೆಯನ್ನೂ ಕೊಡುತ್ತಾರೆ: ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನಿಗೆ ನಿಮಿತ್ತ ಮಾತ್ರನಾಗು ಎಂದು ಹೇಳಿಲ್ಲವೇ, ಪೇದೆಯೂ ನಿಮಿತ್ತವೇ ತಾನೆ ಎಂದು. ಈ ವಾದ ನಿಲ್ಲುವಂಥದ್ದಲ್ಲ. ಗೀತೆ ಹುಟ್ಟಿದ್ದೇ ಆಯುಧ ಕೆಳಗಿಟ್ಟು ಪ್ರಶ್ನೆ ಕೇಳಿದವನಿಂದ. ಹದಿನೆಂಟನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಕೃಷ್ಣ ಆಜ್ಞೆ ಹೊರಡಿಸುವುದಿಲ್ಲ; ಹೇಳಿದ್ದನ್ನೆಲ್ಲ ತೂಗಿ ನೋಡುವ, ತೀರ್ಮಾನಿಸುವ ಹೊಣೆಯನ್ನು ಅರ್ಜುನನಿಗೇ ಬಿಡುತ್ತಾನೆ. ಪ್ರಶ್ನೆ ಕೇಳಲು ಬಿಡದ, ತೀರ್ಮಾನಿಸಲು ಬಿಡದ ಜಾಗಕ್ಕೆ ಆ ಒಂದು ಮಾತನ್ನಷ್ಟೇ ಕಿತ್ತು ತರುವುದು ಗೀತೆಗೂ ನ್ಯಾಯವಲ್ಲ, ಪೇದೆಗೂ ನ್ಯಾಯವಲ್ಲ.

ಕಾನೂನು ಕೂಡ ಈ ಆಸರೆ ಕೊಡುವುದಿಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ 76ನೇ ಕಲಮಿನ ಉದಾಹರಣೆಯಲ್ಲಿ, ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸುವ ಸೈನಿಕನೊಬ್ಬ ಬರುತ್ತಾನೆ. ಅವನದು ಅಪರಾಧವಲ್ಲ. ಆದರೆ ಒಂದು ಷರತ್ತಿದೆ: ಆ ಆಜ್ಞೆ ಕಾನೂನಿನ ಅಪ್ಪಣೆಗೆ ತಕ್ಕಂತಿರಬೇಕು. ಸಾಹೇಬರು ಹೇಳಿದರು ಎಂಬುದಷ್ಟೇ ಸಾಲದು. 2011ರಲ್ಲಿ ಪ್ರಕಾಶ್ ಕದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ನ್ಯೂರೆಂಬರ್ಗ್ ವಿಚಾರಣೆಯನ್ನು ನೆನಪಿಸಿತು. ಆಜ್ಞೆ ಪಾಲಿಸಿದೆವು ಎಂಬ ನಾಜಿ ಅಧಿಕಾರಿಗಳ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ, ಇಲ್ಲೂ ನಡೆಯದು ಎಂದಿತು.

ಆದರೂ ಈ ವಿಷಯದಲ್ಲಿ ಕಾನೂನಿಗಿಂತ ಆಳಕ್ಕೆ ಇಳಿದವರು ಜೈನರು. ಹಿಂಸೆಯನ್ನು ಅವರು ಮೂರಾಗಿ ಸೀಳಿ ನೋಡುತ್ತಾರೆ: ಕೃತ, ಕಾರಿತ, ಅನುಮತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಬೇರೆಯವರು ಮಾಡಿದ್ದನ್ನು ಒಪ್ಪಿದ್ದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಈ ಮೂರನ್ನು ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳೊಂದಿಗೆ, ಮನಸ್ಸು ಮಾತು ಮೈ ಎಂಬ ಮೂರು ದಾರಿಗಳೊಂದಿಗೆ, ಕ್ರೋಧ ಮಾನ ಮಾಯೆ ಲೋಭ ಎಂಬ ನಾಲ್ಕು ಕಷಾಯಗಳೊಂದಿಗೆ ಗುಣಿಸುತ್ತದೆ. ಒಟ್ಟು 108. ಜಪಮಾಲೆಯ 108 ಮಣಿಗಳಿಗೆ ಜೈನರು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲೂ ಇದೇ ಮೂರರ ವಿಂಗಡಣೆ ಬರುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯ, ಅದರ ಉಳಿದ ಮಾತುಗಳ ಬಗ್ಗೆ ಎಷ್ಟೇ ತಕರಾರಿರಲಿ, ನ್ಯಾಯಸಭೆಯಲ್ಲಿ ನಡೆದ ಅಧರ್ಮವನ್ನು ನಾಲ್ಕು ಪಾಲು ಮಾಡಿ ಮಾಡಿದವನಿಗೆ, ಸಾಕ್ಷಿಗೆ, ಸಭೆಯವರಿಗೆ, ರಾಜನಿಗೆ ಒಂದೊಂದು ಹಂಚುತ್ತದೆ.

ಎರಡು ಲೆಕ್ಕಗಳ ನಡುವೆ ದೊಡ್ಡ ಅಂತರವಿದೆ. ಪಾಲು ಹಂಚಿದರೆ ಮಾಡಿದವನ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ಜೈನರ ಲೆಕ್ಕದಲ್ಲಿ ಇಳಿಯುವುದಿಲ್ಲ: ಮಾಡಿಸಿದವನು ಹೊತ್ತುಕೊಂಡ ಎಂದು ಮಾಡಿದವನ ಹೆಗಲು ಹಗುರಾಗದು, ಇಬ್ಬರೂ ಹೊತ್ತರೆಂದು ಮೆಚ್ಚಿದವನು ತಪ್ಪಿಸಿಕೊಳ್ಳಲಾರ. ಪೊಲೀಸ್ ಅನ್ಯಾಯಕ್ಕೆ ಹೊಂದುವುದು ಈ ಎರಡನೆಯ ಲೆಕ್ಕವೇ. ಮೊದಲಿನವನನ್ನು ಕಾನೂನು ಆಗೀಗ ಹಿಡಿಯುತ್ತದೆ. ಎರಡನೆಯವನನ್ನು ಹಿಡಿಯಲು, ವರ್ಗೀಸ್ ಪ್ರಕರಣದಂತೆ, ನಲವತ್ತು ವರ್ಷ ಬೇಕಾಗಬಹುದು. ಮೂರನೆಯವನು ಕಾನೂನಿನ ಕಣ್ಣಿಗೇ ಬೀಳುವುದಿಲ್ಲ. ಅನ್ಯಾಯಕ್ಕೆ ಅನ್ನ ನೀರು ಹಾಕಿ ಬದುಕಿಸುವವನು ಮಾತ್ರ ಅವನೇ.

ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಥೆಯನ್ನು ಕರ್ನಾಟಕ ಇನ್ನೂ ಸರಿಯಾಗಿ ಎದುರಿಸಿಲ್ಲ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗಳ ಜನರನ್ನು ಎತ್ತಿಕೊಂಡು ಹೋಗಿ ಚಿತ್ರಹಿಂಸೆ ಕೊಟ್ಟ ಜಾಗಕ್ಕೆ ಅಲ್ಲಿ ಒಂದು ಹೆಸರೇ ಬಿದ್ದಿತ್ತು: 'ವರ್ಕ್‌ಶಾಪ್'. ಮಾದಪ್ಪನಿಗೆ ಹರಕೆ ಹೊತ್ತು ಬರಿಗಾಲಲ್ಲಿ ಲಕ್ಷಾಂತರ ಜನ ಹತ್ತುವ ಬೆಟ್ಟದಲ್ಲೇ ಆ ವರ್ಕ್‌ಶಾಪ್ ಇತ್ತು. ಕೂಡಿಹಾಕಿ ಹೊಡೆದದ್ದನ್ನು, ಮೈಗೆ ಕರೆಂಟು ಕೊಟ್ಟದ್ದನ್ನು, ಹೆಂಗಸರ ಮೇಲೆ ನಡೆದ ಅತ್ಯಾಚಾರವನ್ನು ಸಂತ್ರಸ್ತರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸಮಿತಿಯ ಮುಂದೆ ಬಂದು ಹೇಳಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅದರ ಅಧ್ಯಕ್ಷರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು.

ಪರಿಹಾರವೆಂದರೆ ನೋವು ನಿಜವೆಂದು ಒಪ್ಪಿದಂತೆ. ನೋವು ಕೊಟ್ಟವರು ಯಾರು? ಹಣ ಬೊಕ್ಕಸದಿಂದ ಬರುತ್ತದೆ, ಆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತಾಗ ಎರಡೂ ರಾಜ್ಯಗಳಲ್ಲಿ ಸಂಭ್ರಮ, ಕಾರ್ಯಪಡೆಯವರಿಗೆ ಬಹುಮಾನ. ಅವರಲ್ಲಿ ಪ್ರಾಣ ಒತ್ತೆಯಿಟ್ಟು ಕಾಡು ಸುತ್ತಿದವರಿದ್ದರು, ಜೊತೆಗಾರರ ಹೆಣ ಹೊತ್ತವರಿದ್ದರು. ಆ ಗೌರವ ಅವರಿಗೆ ಸಲ್ಲಲೇಬೇಕು. ವರ್ಕ್‌ಶಾಪಿಗೂ ಅದೇ ಗೌರವದ ಶಾಲು ಹೊದಿಸಿದ್ದು ತಪ್ಪಾಯಿತು. ನಾಡು ಅದನ್ನು ಬೇಡವೆನ್ನಲಿಲ್ಲ. ಬೇಡವೆನ್ನದಿರುವುದನ್ನೂ ತತ್ತ್ವಾರ್ಥಸೂತ್ರದ ಆ ಮೂರನೆಯ ಕಂಬಸಾಲಿನಲ್ಲೇ ಬರೆಯಬೇಕು.

2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದಿನ ಹೊರವಲಯದಲ್ಲಿ ಮೆಚ್ಚುಗೆ ಮೌನವಾಗಿರಲಿಲ್ಲ. ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಹೊಡೆದುರುಳಿಸಿದ ಸುದ್ದಿ ಹಬ್ಬುತ್ತಲೇ ಜನ ಸೇತುವೆಯ ಮೇಲಿಂದ ಪೊಲೀಸರ ಮೇಲೆ ಹೂವಿನ ಎಸಳು ಎರಚಿದರು. ಆ ಹೆಣ್ಣುಮಗಳಿಗಾದ ಕ್ರೌರ್ಯಕ್ಕೆ ಎದೆ ಕುದಿಯದವರು ಯಾರು? ಕುದಿತ ಸಹಜ. ಆದರೆ 2022ರಲ್ಲಿ ಹೊರಬಂದ, ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಸಿರ್‌ಪುರ್ಕರ್ ಆಯೋಗದ ವರದಿ, ಸಾಯಿಸಬೇಕೆಂದೇ ಗುಂಡು ಹಾರಿಸಲಾಗಿದೆ ಎಂದಿತು. ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕೆಂದಿತು. ಸತ್ತವರಲ್ಲಿ ಮೂವರು ಆಗ ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. ಆ ನಾಲ್ವರು ತಪ್ಪಿತಸ್ಥರೇ ಎಂದು ತೀರ್ಪು ಹೇಳಬೇಕಿದ್ದ ವಿಚಾರಣೆ ನಡೆಯಲೇ ಇಲ್ಲ, ಇನ್ನು ನಡೆಯುವುದೂ ಇಲ್ಲ. ಸತ್ತ ಹೆಣ್ಣುಮಗಳಿಗೂ ಅದರಿಂದ ಅನ್ಯಾಯವೇ ಆಯಿತು. ಹೂ ಎರಚಿದ ಕೈಗಳು ಟ್ರಿಗರ್ ಒತ್ತಲಿಲ್ಲ. ಒತ್ತಿದವರಿಗೆ ಮುಂದಿನ ಸಲಕ್ಕೆ ಧೈರ್ಯ ತುಂಬಿದವು.

ದುಡ್ಡಿನ ವಿಷಯಕ್ಕೆ ಬಂದರೆ ಮೂರನೆಯವನು ಇನ್ನೂ ಹತ್ತಿರದವನಾಗುತ್ತಾನೆ. ಮಗನಿಗೆ ಪೊಲೀಸ್ ಕೆಲಸ ಎಂದರೆ ಹೆಣ್ಣು ಕೊಡುವವರು ಸಂಬಳಕ್ಕಿಂತ ಮೊದಲು ಗಿಂಬಳ ವಿಚಾರಿಸುವುದುಂಟು. 2021ರಲ್ಲಿ ಕರ್ನಾಟಕದ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಒಎಂಆರ್ ಹಾಳೆಗಳನ್ನೇ ತಿದ್ದಿದ ಹಗರಣ ಹೊರಬಿತ್ತು. ಸಿಐಡಿ ತನಿಖೆಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಆರೋಪಗಳು ರುಜುವಾಗಬೇಕಾದ್ದು ನ್ಯಾಯಾಲಯದಲ್ಲಿ. ಪರೀಕ್ಷೆ ಮಾತ್ರ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಕಷ್ಟಪಟ್ಟು ಓದಿ ಬರೆದವರ ವರ್ಷಗಳು ಹೋದವು. ದುಡ್ಡು ಕೊಟ್ಟು ನಕ್ಷತ್ರ ಕೊಂಡವನು ಠಾಣೆಗೆ ಬಂದ ಮೊದಲ ದಿನದಿಂದ ಸಾಲ ತೀರಿಸಲು ಕೂರುತ್ತಾನೆ. ಆ ಸಾಲ ತೀರುವುದು ದೂರು ಕೊಡಲು ಬಂದವರ ಜೇಬಿನಿಂದ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆ ಲಂಚ ಕೊಟ್ಟವರನ್ನೂ ಅಪರಾಧಿ ಎನ್ನುತ್ತದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಪೊಲೀಸರಿಗೆ ಲಂಚ ಕೊಟ್ಟವನು ಆ ಏಳು ದಿನದಲ್ಲಿ ಯಾವ ಧೈರ್ಯದ ಮೇಲೆ ಎಲ್ಲಿಗೆ ಹೋಗಬೇಕು?

ಇಷ್ಟೆಲ್ಲದರ ನಡುವೆ ಪೇದೆಯ ಪಾಡನ್ನು ಮರೆತರೆ ಲೆಕ್ಕ ತಪ್ಪುತ್ತದೆ. ರಜೆ ಇಲ್ಲದ ದುಡಿತ, ಸಾಹೇಬರ ಮನೆಯ ಆರ್ಡರ್ಲಿ ಚಾಕರಿ. 2016ರ ಜೂನ್‌ನಲ್ಲಿ ಕರ್ನಾಟಕದ ಪೇದೆಗಳು ಸಂಬಳ, ರಜೆ ಕೇಳಿ ಸಾಮೂಹಿಕ ರಜೆ ಹಾಕುತ್ತೇವೆ ಎಂದದ್ದಕ್ಕೆ ಅವರ ಪರ ನಿಂತ ಮುಖಂಡರ ಮೇಲೆ ದೇಶದ್ರೋಹದ ಕೇಸು ಬಿತ್ತು. ಸಂಬಳದ ವಿಷಯಕ್ಕೇ ಬಾಯಿ ತೆರೆಯಲಾಗದವನು, ಲಾಕಪ್ಪಿನಲ್ಲಿ ಹೊಡೆ ಎಂದಾಗ ಒಲ್ಲೆ ಎನ್ನಲಿ ಎಂದು ನಿರೀಕ್ಷಿಸುವುದು ಬಹಳ ದೊಡ್ಡ ನಿರೀಕ್ಷೆ.

ಹಾಗೆಂದು ಯಾರೂ ಅನ್ನಲೇ ಇಲ್ಲವೆಂದಲ್ಲ. 2020ರ ಜೂನ್ 19ರಂದು ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ನೆಪದಲ್ಲಿ ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್ ಅವರನ್ನು ಠಾಣೆಗೆ ಒಯ್ದು ರಾತ್ರಿಯಿಡೀ ಬಡಿದರು. ಬೆಳಗಾದ ಮೇಲೆ ವೈದ್ಯರ ಸರ್ಟಿಫಿಕೇಟೂ ಸಿಕ್ಕಿತು, ರಿಮ್ಯಾಂಡ್ ಆದೇಶವೂ ಸಿಕ್ಕಿತು, ಜೈಲಿನ ಬಾಗಿಲೂ ತೆರೆಯಿತು. ಒಂದೊಂದು ಮೇಜಿನಲ್ಲೂ ಯಾರಾದರೊಬ್ಬರು ತಲೆಯೆತ್ತಿ ನೋಡಿದ್ದರೆ ಸಾಕಿತ್ತು. ಮೂರು ನಾಲ್ಕು ದಿನದೊಳಗೆ ಇಬ್ಬರೂ ತೀರಿಕೊಂಡರು.

ಆ ರಾತ್ರಿ ಡ್ಯೂಟಿಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ರೇವತಿ, ಹೈಕೋರ್ಟಿನ ಮದುರೈ ಪೀಠ ಕಳಿಸಿದ ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಟ್ಟರು. ಮೇಜಿನ ಮೇಲೆ, ಲಾಠಿಗಳ ಮೇಲೆ ರಕ್ತವಿತ್ತು ಎಂದರು. ಅವರು ಮಾತಾಡುವಾಗ ಹೊರಗೆ ಸಹೋದ್ಯೋಗಿಗಳು ಕಿವಿಗೊಟ್ಟು ನಿಂತಿದ್ದರು ಎಂದು ಮ್ಯಾಜಿಸ್ಟ್ರೇಟ್ ತಮ್ಮ ವರದಿಯಲ್ಲಿ ಬರೆದಿದ್ದಾರೆ; ತಮಗೇ ಪೊಲೀಸನೊಬ್ಬ ಎದುರುಬಿದ್ದು ಏಕವಚನದಲ್ಲಿ ಅಂದದ್ದನ್ನೂ ದಾಖಲಿಸಿದ್ದಾರೆ. ಹೇಳಿಕೆಗೆ ಸಹಿ ಹಾಕಲು ರೇವತಿ ಮೊದಲು ಹಿಂಜರಿದರು. ರಕ್ಷಣೆಯ ಭರವಸೆ ಕೊಟ್ಟ ಮೇಲೆ ಹಾಕಿದರು. ಠಾಣೆಯ ಸಿಸಿಟಿವಿ ದೃಶ್ಯಗಳು ದಿನದಿನವೂ ತಾವೇ ಅಳಿಸಿಹೋಗುವಂತೆ ಇದ್ದವು, ಹಾಗಾಗಿ ಆ ಸಹಿಗೆ ಬಹಳ ಬೆಲೆಯಿತ್ತು. ಅವರು ಹೊಡೆದವರಲ್ಲ, ಹೊಡೆಸಿದವರೂ ಅಲ್ಲ. ಸುಮ್ಮನಿದ್ದಿದ್ದರೆ ಮೂರನೆಯ ಸಾಲಿಗೆ ಸೇರುತ್ತಿದ್ದರು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ.

ರೇವತಿಗೆ ಮತ್ತು ಅವರ ಮನೆಯವರಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಪೊಲೀಸರಿಂದ ಪೊಲೀಸರನ್ನು ಕಾಯಲು ಪೊಲೀಸರು. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು ಸಾರ್ವಜನಿಕರ ದೂರು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರಗಳನ್ನು ಮಾಡಿ ಎಂದಿತು. ಅದು ಹೊರಗಿನವರ ದೂರಿಗಾಯಿತು. ಠಾಣೆಯ ಒಳಗಿನಿಂದಲೇ ಸತ್ಯ ಹೇಳಲು ಮುಂದಾಗುವ ರೇವತಿಯಂಥವರಿಗೆ ಆಸರೆಯಾಗಬೇಕಿದ್ದದ್ದು, ಸರ್ಕಾರಿ ನೌಕರರ ದುರ್ನಡತೆ ಬಯಲು ಮಾಡುವವರನ್ನು ಕಾಪಾಡುವ ಕಾಯ್ದೆ. ಸಂಸತ್ತು ಅದನ್ನು 2014ರಲ್ಲೇ ಅಂಗೀಕರಿಸಿತು, ರಾಷ್ಟ್ರಪತಿಗಳ ಸಹಿಯೂ ಬಿದ್ದಿದೆ. ಇಂಥ ದಿನದಿಂದ ಜಾರಿ ಎಂದು ಹೇಳುವ ಅಧಿಸೂಚನೆಯನ್ನು ಅಂದಿನಿಂದ ಯಾವ ಸರ್ಕಾರವೂ ಹೊರಡಿಸಿಲ್ಲ.