ಹಳಿ ಮೊದಲೋ, ಹೇರು ಮೊದಲೋ?

ಸಮಾಜದ ಹಣದಿಂದ ನಡೆಯುವ ಕಾರ್ಯವು ಲಾಭವಿದ್ದೆಡೆಗೆ ಮೊದಲು ಹೋಗಬೇಕೋ, ಕೊರತೆಯಿದ್ದೆಡೆಗೆ ಮೊದಲು ಹೋಗಬೇಕೋ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆ. ರಾಯಚೂರು ಸೀಮೆಯ ರೈಲುಮಾರ್ಗಗಳ ಇತಿಹಾಸವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದುವು. ಎರಡು ರೇವುಪಟ್ಟಣಗಳು ಬೆಸೆದುವು. ಬದಿಯ ನಾಡು ಬದಿಯಲ್ಲಿಯೇ ಉಳಿಯಿತು. ಅದೇ ಸೀಮೆಯ ಸಿಂಧನೂರಿಗೆ, 1997–98ರಲ್ಲಿ ಮಂಜೂರಾದ ಮುನಿರಾಬಾದ–ಮೆಹಬೂಬನಗರ ಮಾರ್ಗದಿಂದ, ರೈಲು ಬಂದುದು 2024ರಲ್ಲಿ. ಎಂದರೆ ನೂರೈವತ್ತಮೂರು ವರ್ಷಗಳ ಮೇಲೆ. ಗದಗ–ವಾಡಿ ಮಾರ್ಗವು 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಮುಟ್ಟಿತು. ಲಿಂಗಸುಗೂರು ಅದರ ಮುಂದಣ ದಾರಿಯಲ್ಲಿದೆ. ಸಿಂಧನೂರು ಲಿಂಗಸುಗೂರುಗಳ ನಡುವಣ ಮಸ್ಕಿಯು ಈ ಎರಡು ಮಾರ್ಗಗಳಿಗೂ ಹೊರಗು.

ಇಲ್ಲಿ ಪೂರ್ವಪಕ್ಷವೊಂದುಂಟು. ಜನರ ತೆರಿಗೆಯ ಹಣವು ಅಕ್ಷಯಪಾತ್ರೆಯಲ್ಲ. ಹೇರೂ ಪ್ರಯಾಣಿಕರೂ ಇರುವಲ್ಲಿ ಹಳಿ ಹಾಕಿದರೆ ಬಂದ ಆದಾಯದಿಂದ ಮತ್ತೊಂದು ಊರಿಗೂ ಹಾಕಬಹುದು. ಬರಿಯ ಬಯಲಿನಲ್ಲಿ ಹಾಕಿದರೆ ಮೂಲಧನವೇ ಕರಗುವುದು. ಈ ಮಾತು ಹಗುರವಾದುದಲ್ಲ. ಆದರೆ ಇದರಲ್ಲಿ ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯ ದೋಷವಿದೆ. ಹೇರಿಲ್ಲವೆಂದು ಹಳಿಯಿಲ್ಲ, ಹಳಿಯಿಲ್ಲವೆಂದು ಹೇರಿಲ್ಲ. ಒಂದು ಮತ್ತೊಂದಕ್ಕಾಗಿ ಕಾದು ಕುಳಿತರೆ ಎರಡೂ ಎಂದಿಗೂ ಸಿದ್ಧಿಸಲಾರವು.

ಈ ಗಂಟನ್ನು ಬಿಡಿಸುವ ದೃಷ್ಟಾಂತವು ಸಿಂಧನೂರಿನ ಹೊಲಗಳಲ್ಲಿಯೇ ಇದೆ. ತುಂಗಭದ್ರೆಯ ಕಟ್ಟೆ 1953ರಲ್ಲಿ ಸಿದ್ಧವಾಯಿತು. ಎಡದಂಡೆಯ ಕಾಲುವೆಯ ನೀರು ಬರುವ ಮುನ್ನ ಬತ್ತ ಬೆಳೆದು ತೋರಿಸಿರೆಂದು ಈ ಸೀಮೆಯ ಒಕ್ಕಲಿಗನನ್ನು ಕೇಳಿದ್ದರೆ ಅವನೇನು ತೋರಿಸಬಲ್ಲವನಾಗಿದ್ದನು? ನೀರು ಬಂದ ಮೇಲೆಯೇ ಜೋಳದ ಹೊಲಗಳು ಗದ್ದೆಗಳಾದುವು, ಅಕ್ಕಿಯ ಗಿರಣಿಗಳು ಎದ್ದುವು. ನಾಡು ಮೊದಲು ನಂಬಿತು. ನೆಲವು ಆ ನಂಬಿಕೆಯ ಋಣವನ್ನು ಬಳಿಕ ತೀರಿಸಿತು.

ಹಾಗೆಂದು ಊರೂರಿಗೂ ನಿಲ್ದಾಣ ಬೇಕೆಂಬುದು ಸಿದ್ಧಾಂತವಲ್ಲ. ಆದಾಯದ ಲೆಕ್ಕವು ಸರದಿಯನ್ನು ಗೊತ್ತುಮಾಡಬಹುದು; ಹಕ್ಕನ್ನೇ ಅಳಿಸಲಾಗದು. ಕಾಲುವೆಯ ನ್ಯಾಯವನ್ನು ತೂಬಿನ ಬಳಿ ಅಳೆಯುವುದಿಲ್ಲ, ಕೊನೆಯಂಚಿನ ಹೊಲದಲ್ಲಿ ಅಳೆಯುತ್ತಾರೆ. ರೈಲಿಗೂ ಅದೇ ಅಳತೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಯ ಶಾಸನದಲ್ಲಿ, ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮದಲ್ಲಿ ನಡೆದರೆ ಚಿಕ್ಕವನಿಗೂ ದೊರೆಯತಕ್ಕದ್ದೆಂಬ ಅಭಿಪ್ರಾಯವನ್ನು ಅಶೋಕನು ಕೆತ್ತಿಸಿದ್ದಾನೆ. ಅದನ್ನು ಹೊತ್ತ ಊರಿಗೆ ಹಳಿ ಬಾರದಿದ್ದರೂ, ಸಿಂಧನೂರಿನ ರೈಲಿನ ಹೊತ್ತಿಗೆ ಸರಿಯಾಗಿ ಅಲ್ಲಿಂದ ಒಂದು ಬಸ್ಸು ಹೊರಡುವಂತಾದರೆ ಆ ಊರಿನ ಪಾಲು ತಕ್ಕಮಟ್ಟಿಗೆ ಸಂದೀತು.